ಟ್ರಾಮಿನ ಹಿಂದೆ ನಿಂತ ಏಳು ಕಾರುಗಳು

ಹಳೆಯ ರೇಸಿಂಗ್ ಆಟಗಳಲ್ಲಿ ಕಟ್ಟಡಗಳಿಗೆ ಬೆನ್ನು ಇರುವುದಿಲ್ಲ. ಮುಖ ಮಾತ್ರ. ನೀವು ಕಾರು ಓಡಿಸುವ ರಸ್ತೆಯ ಕಡೆಗೆ ಒಂದು ಗೋಡೆ, ಅದರ ಮೇಲೆ ಕಿಟಕಿಯ ಚಿತ್ರ, ಬಾಗಿಲಿನ ಚಿತ್ರ, ಒಣಹಾಕಿದ ಸೀರೆಯ ಚಿತ್ರ. ಹಿಂದೆ ಏನೂ ಇಲ್ಲ. ರಸ್ತೆಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುವ ಜನ ಇದ್ದಾರಲ್ಲ, ಅವರು ರಟ್ಟಿನಷ್ಟು ತೆಳ್ಳಗೆ. ನೀವು ಯಾವ ಕಡೆಯಿಂದ ಬಂದರೂ ಮುಖ ನಿಮ್ಮ ಕಡೆಗೇ ತಿರುಗುತ್ತದೆ. ಸುರಂಗ ಬಂತೆಂದರೆ, ಮುಂದಿನ ಬೀದಿಯನ್ನು ಡಿಸ್ಕಿನಿಂದ ಎತ್ತಿಕೊಳ್ಳಲು ಯಂತ್ರಕ್ಕೆ ಸ್ವಲ್ಪ ಪುರುಸೊತ್ತು ಬೇಕಾಗಿದೆ ಎಂದರ್ಥ. ನೀವು ತೀರಾ ಹಿಂದೆ ಬಿದ್ದರೆ ಮುಂದಿನ ಕಾರುಗಳು ಗುಟ್ಟಾಗಿ ನಿಧಾನಿಸುತ್ತವೆ. ತೀರಾ ಮುಂದೆ ಹೋದರೆ ಹಿಂದಿನವಕ್ಕೆ ಎಲ್ಲಿಲ್ಲದ ಶಕ್ತಿ ಬರುತ್ತದೆ. ಗೆದ್ದೆ ಎಂದು ಕುಣಿದವರು ಅರ್ಧ ಗೆದ್ದಿದ್ದು, ಇನ್ನರ್ಧ ಅವರನ್ನು ಗೆಲ್ಲಿಸಿದ್ದು.

ಇಂಥದ್ದನ್ನೆಲ್ಲ ನೆಟ್ಟಿನಲ್ಲಿರುವ ನನ್ನ ಕನ್ನಡ ಪುಟದಲ್ಲಿ ಬರೆಯುತ್ತಿರುತ್ತೇನೆ. ಓದುವವರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ಸೈಬರ್ ಕೆಫೆಯಲ್ಲಿ ಈ ಆಟಗಳನ್ನು ಆಡಿದವರು, ಈಗ ತಲೆಗೂದಲು ಉದುರುತ್ತಿರುವವರು. ಕೋಲ್ಕತ್ತಾದಲ್ಲಿ ಕೂತ ನಲವತ್ತಾರು ವರ್ಷದ ಡ್ರಾಯಿಂಗ್ ಟೀಚರಿಗೆ ಇದೆಲ್ಲ ಹೇಗೆ ಗೊತ್ತು ಮೇಡಂ ಎಂದು ಕೇಳುತ್ತಾರೆ. ಗೊತ್ತಿರದೆ ಏನು. ಆ ಬೆನ್ನಿಲ್ಲದ ಗೋಡೆಗಳನ್ನು ಮಾಡುತ್ತಿದ್ದವಳೇ ನಾನು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಇಲ್ಲಿನ ಕಸ್ಬಾ ಬಡಾವಣೆಯಲ್ಲಿ ಇನ್ನೂ ಮಾಲುಗಳು ಎದ್ದಿರಲಿಲ್ಲ. ಒಂದು ಮಿಠಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸ್ಟುಡಿಯೋ. ಸ್ಟುಡಿಯೋ ಎಂಬುದು ಬಾಗಿಲ ಮೇಲೆ ಬರೆದದ್ದು. ಒಳಗೆ ಏಳು ಜನ, ಏಳು ಕಂಪ್ಯೂಟರು, ಕೆಳಗಿನಿಂದ ದಿನವಿಡೀ ಏರಿ ಬರುವ ಬೆಲ್ಲದ ಪಾಕದ ವಾಸನೆ. ದೂರದ ದೇಶದ ಕಂಪನಿಯೊಂದು ಹತ್ತು ಊರುಗಳಲ್ಲಿ ಓಡುವ ರೇಸಿಂಗ್ ಆಟ ಮಾಡುತ್ತಿತ್ತು. ಹತ್ತರಲ್ಲಿ ಒಂದು ಊರು ನಮ್ಮದು. ರಸ್ತೆಯ ತಿರುವು, ಕಾರುಗಳ ಬುದ್ಧಿ ಎಲ್ಲ ಅವರ ಕೈಯಲ್ಲಿ. ಗೋಡೆ, ಕಂಬ, ಅಂಗಡಿ ಬೋರ್ಡು, ಕಿಟಕಿಯ ಸರಳು ನಮ್ಮ ಕೈಯಲ್ಲಿ. ಪಾರ್ಕ್ ಸ್ಟ್ರೀಟಿನ ದೀಪಗಳ ಕೆಳಗೆ ರೇಸ್ ಶುರು, ಕಾಳಿಘಾಟ್‌ನ ಟ್ರಾಮ್ ಹಳಿಗಳ ಮೇಲೆ ಮುಕ್ತಾಯ. ನಡುವಿನ ಅರ್ಧ ಊರನ್ನು ನುಂಗಿಹಾಕಿದ್ದೆವು. ನಿಜವಾದ ಊರಿನಲ್ಲಿ ಆ ದಾರಿ ಹಿಡಿದರೆ ರೇಸ್ ಮುಗಿಯುವಷ್ಟರಲ್ಲಿ ದುರ್ಗಾಪೂಜೆಯ ರಜೆ ಬಂದಿರುತ್ತದೆ.

ತಂಡದ ಮುಖ್ಯಸ್ಥರನ್ನು ಎಲ್ಲರೂ ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದೆವು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಮೊದಲು ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು, ಹಾಗಾಗಿ ಬೆನ್ನಿಲ್ಲದ ಊರು ಅವರಿಗೆ ಹೊಸದಲ್ಲ. ಕೆಲಸ ಕಲಿಸಿದವರು ಅವರೇ. ನಾನು ಮಾಡಿದ ಮೊದಲ ಗೋಡೆಯನ್ನು ನೋಡಿ, "ಇದೇನು, ನಿನ್ನೆ ಕಟ್ಟಿದ್ದಾ? ಗೋಡೆಗೆ ಬಣ್ಣ ಹಚ್ಬೇಡ, ವಯಸ್ಸು ಹಚ್ಚು," ಎಂದಿದ್ದರು. ಅವರು ಆಡುತ್ತಿದ್ದುದು ಬಂಗಾಳಿ. ನನ್ನ ಕಿವಿ ಎರಡು ವರ್ಷದ ಮಗುವಾಗಿದ್ದಾಗಿನಿಂದ ಬಂಗಾಳಿಯಲ್ಲಿ ಬೆಳೆದದ್ದು, ಆದ್ದರಿಂದ ನೆನಪಾಗುವಾಗ ಅದು ಯಾವ ಭಾಷೆ ಎಂಬುದೇ ತಿಳಿಯುವುದಿಲ್ಲ. ಅಪ್ಪ ರೈಲ್ವೆಯವರು. ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾಗಿ ಬಂದಾಗ ನಾನು ಅವ್ವನ ಸೊಂಟದ ಮೇಲಿದ್ದೆ.

ದಾದಾ ಎಲ್ಲೋ ಹೊಂದಿಸಿದ ಕ್ಯಾಮೆರಾ ಹಿಡಿದು ವಾರಗಟ್ಟಲೆ ಗೋಡೆಗಳ ಫೋಟೋ ತೆಗೆದೆವು. ಪಾಚಿ ಹಿಡಿದ ಗೋಡೆ, ಚುನಾವಣೆಯ ಬರಹದ ಮೇಲೆ ಸುಣ್ಣ ಬಳಿದು ಅದರ ಮೇಲೆ ಮತ್ತೆ ಬರಹ ಬಂದ ಗೋಡೆ. ಪೇಪರಿನಲ್ಲಿ ಬರುತ್ತದಾ ಎಂದು ಜನ ಕೇಳುತ್ತಿದ್ದರು. ಆಟದಲ್ಲಿ ಬರುತ್ತದೆ ಎಂದರೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು.

ಈ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರೂ ತಮ್ಮದೊಂದು ಗುರುತನ್ನು ಊರಿನೊಳಗೆ ಎಲ್ಲಾದರೂ ಬಚ್ಚಿಡುವುದು. ಕಾರು ಓಡಿಸುವವರಿಗೆ ಕಾಣಬಾರದು, ಇಟ್ಟವರಿಗೆ ಗೊತ್ತಿರಬೇಕು. ನನ್ನ ಪಕ್ಕದ ಮೇಜಿನ ಹುಡುಗಿ ತನ್ನ ಮನೆಯ ಬೂದು ಬೆಕ್ಕನ್ನು ಒಂದು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದಳು. ನಾವು ಅವಳನ್ನು ಬೆಕ್ಕಿನವಳು ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬ ಮುರಿದ ಛತ್ರಿಯೊಂದನ್ನು ಕಂಬಕ್ಕೆ ನೇತುಹಾಕಿದ. ದಾದಾ ತಮ್ಮ ಮನೆಯ ನಂಬರನ್ನು ಒಂದು ಬಾಗಿಲ ಮೇಲೆ ಬರೆದರು. "ಸಹಿ ಇಲ್ಲದ ಗೋಡೆ ಸರ್ಕಾರಿ ಗೋಡೆ," ಎನ್ನುತ್ತಿದ್ದರು. ಅಂದರೆ ಅನುಮತಿ ಕೊಟ್ಟವರೂ ಅವರೇ, ಇದನ್ನು ನೆನಪಿಟ್ಟುಕೊಳ್ಳಿ.

ನಾನು ಬಚ್ಚಿಟ್ಟದ್ದು ಒಂದು ಬೋರ್ಡು. ನಮ್ಮ ರೈಲ್ವೆ ಕ್ವಾರ್ಟರ್ಸಿನ ಮುಂದೆ ಟ್ಯಾಕ್ಸಿಗಳು ಜೋರಾಗಿ ಹೋದರೆ ಅವ್ವ ಬಾಲ್ಕನಿಯಿಂದ ಅವರಿಗೆ ಕನ್ನಡದಲ್ಲೇ ಬುದ್ಧಿ ಹೇಳುತ್ತಿದ್ದಳು. ಯಾವ ಡ್ರೈವರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದರೆ ಎಲ್ಲರೂ ಬ್ರೇಕ್ ಒತ್ತುತ್ತಿದ್ದರು. ಅದನ್ನೇ ಕೊನೆಯ ತಿರುವಿನ ಚಹಾ ಅಂಗಡಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದೆ. "ಸಾವಕಾಶ. ಮುಂದ ನಮ್ಮ ಮನಿ ಐತಿ." ಬೀದಿಯಲ್ಲಿ ಉಳಿದೆಲ್ಲ ಬೋರ್ಡುಗಳು ಬಂಗಾಳಿ, ಇಂಗ್ಲಿಷ್. ಇದೊಂದು ಕನ್ನಡ. ದಾದಾ ನೋಡಿದರು, ಅರ್ಥ ಕೇಳಿದರು, ನಕ್ಕು ಕಂಪನಿಗೆ ಕಳಿಸಿಕೊಟ್ಟರು.

ಆಮೇಲಿನದು ನಾನು ಮರೆಯಬೇಕೆಂದರೂ ಮರೆಯಲಾಗದ ಮಧ್ಯಾಹ್ನ. ದಾದಾ ಎಲ್ಲರನ್ನೂ ನಿಲ್ಲಿಸಿದರು. ಕೈಯಲ್ಲಿ ನನ್ನ ಬೋರ್ಡಿನ ಪ್ರಿಂಟು.

"ನಮ್ಮ ಊರನ್ನ ಆಟದಿಂದ ತೆಗೆದುಹಾಕಿದ್ದಾರೆ," ಎಂದರು. "ಗೊತ್ತಿಲ್ಲದ ಲಿಪಿಯಲ್ಲಿ ಏನೋ ಬರೆದಿದ್ದು ಸಿಕ್ತಂತೆ. ಯಾರನ್ನ ಬೈದಿದೆಯೋ, ಯಾವ ದೇವರನ್ನ ಬೈದಿದೆಯೋ ಅಂತ ಹೆದರಿದಾರೆ. ಮುಂದಿನ ಕೆಲಸಾನೂ ಕೊಡಲ್ವಂತೆ."

ಆರು ತಲೆಗಳು ನನ್ನ ಕಡೆ ತಿರುಗಿದವು. ರಟ್ಟಿನ ಜನರಂತೆ.

ಬೆಕ್ಕಿನವಳು ಮಾತ್ರ ಬಾಯಿ ಬಿಟ್ಟಳು. "ನಿನ್ನ ಭಾಷೆ ಮನೇಲಿಟ್ಟು ಬರೋಕೆ ಏನಾಗಿತ್ತು ನಿಂಗೆ?"

ಅವಳಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ದಿನವೂ ಒಂದೇ ಡಬ್ಬಿಯಿಂದ ಉಂಡವರು ನಾವು. ಆ ತಿಂಗಳೇ ಸ್ಟುಡಿಯೋ ಬಾಗಿಲು ಹಾಕಿತು. ಅವಳು ಮತ್ತೆ ನನ್ನೊಡನೆ ಮಾತಾಡಲಿಲ್ಲ.

ಕ್ಷಮಿಸಿದವರು ದಾದಾ. ಎಲ್ಲರ ಎದುರಿಗೇ ನನ್ನ ತಲೆ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡ್ರಪ್ಪ, ಚಿಕ್ಕ ಹುಡುಗಿ, ಬೇಕಂತ ಮಾಡಿದ್ದಲ್ಲ," ಎಂದರು. ಆ ಕೈಯ ಭಾರವನ್ನು ಇಪ್ಪತ್ತು ವರ್ಷ ಹೊತ್ತೆ. ನನಗೆ ಮದುವೆಯಾದಾಗ ಕಾಳಿಘಾಟ್‌ನ ತಮ್ಮ ಓಣಿಯಲ್ಲೇ ಮನೆ ಹುಡುಕಿಕೊಟ್ಟವರು ಅವರು. ಮಗಳು ಹುಟ್ಟಿದಾಗ ಆಸ್ಪತ್ರೆಗೆ ಮೊದಲು ಬಂದವರು ಅವರು ಮತ್ತು ಅವರ ಹೆಂಡತಿ, ನಮ್ಮ ಬೌದಿ. ಮಗಳು ಅವರನ್ನು ಜೇಠು, ಅಂದರೆ ದೊಡ್ಡಪ್ಪ, ಎಂದೇ ಕರೆದು ಬೆಳೆದಳು. ಪ್ರತಿ ವರ್ಷ ದುರ್ಗೆಯನ್ನು ನೀರಿಗೆ ಬಿಟ್ಟ ಮರುದಿನ ಹಿರಿಯರ ಮನೆಗೆ ಹೋಗಿ ಕಾಲಿಗೆರಗುವ ಪದ್ಧತಿ ಇಲ್ಲಿ ಉಂಟು. ನಾನು ಕರ್ಜಿಕಾಯಿ ಕರಿದು ಡಬ್ಬಿ ತುಂಬಿಕೊಂಡು ಮೊದಲು ಹೋಗುತ್ತಿದ್ದುದು ದಾದಾನ ಮನೆಗೆ. ಕಾಲು ಮುಟ್ಟುವಾಗ ಪ್ರತಿ ಸಲವೂ ಒಳಗೇ ಒಂದು ತಪ್ಪಾಯಿತು ಹೇಳಿಕೊಳ್ಳುತ್ತಿದ್ದೆ.

ಓಣಿಯ ಪೂಜಾ ಸಮಿತಿಗೆ ದಾದಾ ಕಾರ್ಯದರ್ಶಿ. ಪೆಂಡಾಲಿನ ಮುಂದಿನ ದೊಡ್ಡ ಬೋರ್ಡನ್ನು ಪ್ರತಿ ವರ್ಷ ನನ್ನಿಂದಲೇ ಬರೆಸುತ್ತಿದ್ದರು. ಎಲ್ಲರೂ ಫ್ಲೆಕ್ಸಿಗೆ ಹೋದರೂ ನಮ್ಮ ಓಣಿಯದು ಕೈಬರಹ. ಬಂಗಾಳಿ ಅಕ್ಷರಗಳನ್ನು ನಾನು ಎಷ್ಟು ತಿದ್ದಿದೆನೆಂದರೆ, ಇಲ್ಲೇ ಹುಟ್ಟಿದವರೂ ನಿಂತು ನೋಡುವಷ್ಟು. ನಾನು ಏಣಿಯ ಮೇಲೆ ಇದ್ದಾಗ ದಾದಾ ಕೆಳಗಿನಿಂದ ಕೂಗುತ್ತಿದ್ದರು, "ಹುಷಾರು ಮಾದ್ರಾಜಿ. ನಿನ್ನ ಅಕ್ಷರ ಒಂದು ನುಸುಳಿದ್ರೂ ಅಮ್ಮ ದುರ್ಗೆ ಬಂದ ದಾರೀಲೇ ವಾಪಸ್ಸು." ದಕ್ಷಿಣದವರೆಲ್ಲ ಇಲ್ಲಿ ಮಾದ್ರಾಜಿಗಳೇ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಬೆಕ್ಕಿನವಳ ತವರು ಇದೇ ಓಣಿ. ಅಷ್ಟಮಿಯ ದಿನ ಹೂವು ಅರ್ಪಿಸಲು ಬರುವವಳು ನನ್ನನ್ನು ದಾಟಿ, ನಾನು ಬರೆದ ಬೋರ್ಡಿನ ಕೆಳಗೆ ಹಾದು ಒಳಗೆ ಹೋಗುತ್ತಿದ್ದಳು. ಒಂದು ವರ್ಷವೂ ತಲೆ ಎತ್ತಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಬುದ್ಧಿಗೆಟ್ಟು, ಈ ಕಥೆಯನ್ನೇ ಪುಟದಲ್ಲಿ ಬರೆದೆ. ನನ್ನ ಒಂದು ಬೋರ್ಡು ಒಂದು ಊರನ್ನೇ ಮುಳುಗಿಸಿದ ಕಥೆ ಎಂದು, ನಗಿಸುವ ಹಾಗೆ. ಜನ ನಕ್ಕರು, ಹಂಚಿದರು. ಹಂಚಿ ಹಂಚಿ ಅದು ಎಲ್ಲಿಗೆ ಹೋಯಿತೆಂದರೆ, ಹಳೆಯ ಆಟಗಳ ಡಿಸ್ಕುಗಳನ್ನು ಬಿಚ್ಚಿ ನೋಡುವುದನ್ನೇ ಹವ್ಯಾಸ ಮಾಡಿಕೊಂಡ ಯಾವುದೋ ಚಳಿ ದೇಶದ ಒಬ್ಬಾತನ ಕೈಗೆ. ಆತ ಯಂತ್ರದಿಂದ ಅನುವಾದಿಸಿದ ಕನ್ನಡದಲ್ಲಿ ಬರೆದಿದ್ದ, "ನಿಮ್ಮ ನಗರ ಮುಳುಗಿದೆ ಇಲ್ಲ. ಅದು ತಟ್ಟೆಯಲ್ಲಿ ಇದೆ." ತಟ್ಟೆ ಎಂದರೆ ಡಿಸ್ಕು ಎಂದು ತಿಳಿಯಲು ನನಗೆ ಎರಡು ನಿಮಿಷ ಬೇಕಾಯಿತು.

ವಿಷಯ ಇಷ್ಟೇ. ಆಟ ಮಾಡುವವರು ಒಂದು ಊರನ್ನು ಕೈಬಿಟ್ಟರೆ ಅದನ್ನು ಅಳಿಸುವುದಿಲ್ಲ. ಅಳಿಸಲು ಹೋದರೆ ಇನ್ನೆಲ್ಲೋ ಇನ್ನೇನೋ ಮುರಿಯುತ್ತದೆ. ಮೆನುವಿನಿಂದ ಹೆಸರನ್ನು ಮಾತ್ರ ತೆಗೆಯುತ್ತಾರೆ. ಬಾಗಿಲನ್ನು ಗೋಡೆ ಕಟ್ಟಿ ಮುಚ್ಚಿದಂತೆ; ಕೋಣೆ ಒಳಗೇ ಇರುತ್ತದೆ, ದೀಪ ಹತ್ತಿಸಿಕೊಂಡು. ಆಟವನ್ನು ಕೊಂಡವರೆಲ್ಲರ ಮನೆಯಲ್ಲೂ ಇಷ್ಟು ವರ್ಷ ನಮ್ಮ ಕಾಳಿಘಾಟ್ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಈತ ಆ ಗೋಡೆ ಒಡೆದು ಒಳಗೆ ಹೋಗಿ, ಕಾರು ಓಡಿಸಿ, ವಿಡಿಯೋ ಮಾಡಿ ಹಾಕಿದ್ದ.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಹದಿನೈದು ವರ್ಷದವಳು. ಕನ್ನಡ ಪೂರಾ ತಿಳಿಯುತ್ತದೆ, ಬಾಯಲ್ಲಿ ಬರುವಾಗ ಮೂರು ಭಾಷೆ ಕಲಸಿಕೊಂಡು ಬರುತ್ತದೆ. ಪಾರ್ಕ್ ಸ್ಟ್ರೀಟಿನ ದೀಪಗಳು ಬಂದವು. ಮುರಿದ ಛತ್ರಿ ಬಂತು. ಬೆಕ್ಕು ಕಿಟಕಿಯ ಕಟ್ಟೆಯ ಮೇಲೆ ಹಾಗೇ ಕೂತಿತ್ತು. ಕೊನೆಯ ತಿರುವಿನಲ್ಲಿ ಅರ್ಧ ಸೆಕೆಂಡಿನಷ್ಟು ಕೆಂಪು ಅಕ್ಷರ. ಮಗಳು ವಿಡಿಯೋ ನಿಲ್ಲಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಅಜ್ಜಿ ಹಿಂಗೇ ಮಾತಾಡ್ತಿದ್ಲಾ?"

"ಹಿಂಗ ಅಲ್ಲ, ಇದಕ್ಕಿಂತ ಜೋರಾಗಿ."

ಕೆಳಗೆ ಯಾರೋ ಇದು ತೆಲುಗು ಎಂದು ಬರೆದಿದ್ದರು, ಇನ್ನೊಬ್ಬ ಅದಕ್ಕೆ ಥ್ಯಾಂಕ್ಸ್ ಹೇಳಿದ್ದ. ಮಗಳು ಅವನಿಗೆ ಉತ್ತರ ಕೊಡಲು ಕೆಳಗೆ ಇಳಿದವಳು, ಡಿಸ್ಕಿನಲ್ಲಿ ಸಿಕ್ಕ ಪಟ್ಟಿಯೊಂದನ್ನು ಆತ ಹಾಕಿದ್ದನ್ನು ನೋಡಿದಳು. ಯಾವ ಊರನ್ನು ಮೆನುವಿನಿಂದ ಯಾವಾಗ ತೆಗೆದರು, ಯಾವ ಚಿತ್ರ ಯಾವಾಗ ಒಳಗೆ ಬಂತು, ಎಲ್ಲಕ್ಕೂ ತಾರೀಖು.

"ಅಮ್ಮಾ, ನಿನ್ನ ಬೋರ್ಡ್ ಲೇಟ್ ಇದೆ."

"ಏನ್ ಲೇಟ್?"

"ಟ್ರ್ಯಾಕ್ ಕಟ್ ಮಾಡಿದ್ದು ಫಸ್ಟ್. ನಿನ್ನ ಬೋರ್ಡ್ ಬಂದಿದ್ದು ನಾಲ್ಕು ತಿಂಗಳು ಆದ್ಮೇಲೆ. ದೇಖೋ ನಾ."

ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನಾನು ಆ ಬೋರ್ಡನ್ನು ಬರೆಯಲು ಕೂತಾಗ ಊರು ಆಗಲೇ ಹೋಗಿತ್ತು. ಆ ನಾಲ್ಕು ತಿಂಗಳು ನಾವು ಏಳು ಜನ, ಇಲ್ಲದ ಊರಿಗೆ ಕಿಟಕಿ ಹಾಕುತ್ತಿದ್ದೆವು.

"ಸೋ ಜೇಠು ಲೈಡ್? ಸುಳ್ಳಾ?" ಎಂದಳು ಮಗಳು.

"ಜೇಠುಗೂ ಗೊತ್ತಿರಲಿಕ್ಕಿಲ್ಲ. ಅವ್ರಿಗೂ ಹಂಗ ಹೇಳಿರಬೇಕು," ಎಂದೆ. ತಕ್ಷಣ ಬಂದ ಮಾತು. ಆಮೇಲೆ ಮೂರು ವಾರ ಆ ಮಾತನ್ನೇ ಹಿಡಿದುಕೊಂಡಿದ್ದೆ. ಬೋರ್ಡು ಕಾರಣವಲ್ಲ ಎಂದು ತಿಳಿದ ಮೇಲೆ ಹಗುರಾಗಬೇಕಿತ್ತು ಅಲ್ಲವೇ. ಆಗಲಿಲ್ಲ. ನನ್ನ ತಪ್ಪು ಹೋದರೆ ಅವರ ಕ್ಷಮೆಯೂ ಹೋಗುತ್ತದೆ. ಇಪ್ಪತ್ತು ವರ್ಷದ ದಾದಾ, ಬೌದಿ, ಮಗಳ ಜೇಠು, ಓಣಿ, ಏಣಿ, ಕರ್ಜಿಕಾಯಿ ಎಲ್ಲ ನಿಂತಿದ್ದುದು ಅದರ ಮೇಲೆ. ಅವರಿಗೂ ಗೊತ್ತಿಲ್ಲದಿದ್ದರೆ ಸಾಕು, ಉಳಿದದ್ದೆಲ್ಲ ಹಾಗೇ ಉಳಿಯುತ್ತದೆ. ನನಗೆ ಬೇಕಾಗಿದ್ದುದು ಅಷ್ಟೇ.

ಪೂಜೆಗೆ ಒಂದು ತಿಂಗಳಿರುವಾಗ, ಭಾನುವಾರ ಬೆಳಿಗ್ಗೆ, ದಾದಾ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಜಿಲೇಬಿ ಪೊಟ್ಟಣ, ಇನ್ನೊಂದರಲ್ಲಿ ಬೋರ್ಡಿನ ಅಳತೆ ಬರೆದ ಚೀಟಿ.

"ಈ ಸಲ ಹದಿನಾಲ್ಕು ಅಡಿ. ಏಣಿ ಹತ್ತೋ ವಯಸ್ಸಿದೆಯಾ, ಇಲ್ಲ ಕ್ರೇನ್ ತರಿಸ್ಲಾ?"

"ನಿಮ್ಮ ಮಂಡಿಗೆ ಮೊದಲು ತರ್ಸಿ. ಕೆಳಗಿನ ಮಹಡಿಯಿಂದ್ಲೇ ಏದುಸಿರು ಕೇಳ್ತಿತ್ತು."

ಚಹಾ ಕೊಟ್ಟೆ, ಸಕ್ಕರೆ ಇಲ್ಲದ್ದು. ಆಮೇಲೆ, "ದಾದಾ, ನಿಮಗೊಂದು ತೋರಿಸ್ಬೇಕು," ಎಂದು ಲ್ಯಾಪ್‌ಟಾಪ್ ತೆರೆದೆ. ತಾರೀಖುಗಳ ಪಟ್ಟಿಯ ಸುದ್ದಿ ಎತ್ತಲಿಲ್ಲ. ವಿಡಿಯೋ ಮಾತ್ರ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು.

ಮೊದಲ ಬೀದಿ ಬರುತ್ತಿದ್ದಂತೆ ಅವರ ಕೈಯಲ್ಲಿದ್ದ ಕಪ್ಪು ಮೇಜಿನ ಮೇಲೆ ಕೂತಿತು. ಕಣ್ಣು ತುಂಬಿ ಬಂದದ್ದನ್ನು ನಾನು ನೋಡಿದೆ, ಅದು ನಟನೆಯಲ್ಲ. ಗೋಡೆಗಳನ್ನು ಒಂದೊಂದಾಗಿ ಗುರುತಿಸಿದರು. "ಈ ಸುಣ್ಣ ನಂದು. ಆ ಸರಳು ನೀನು ಮೂರು ಸಲ ತಿದ್ದಿದ್ದು. ಅಯ್ಯೋ ಪಾಪ, ಛತ್ರಿ ನೋಡು." ಅವರ ಮನೆ ನಂಬರಿನ ಬಾಗಿಲು ಬಂದಾಗ ಮಗಳ ಕಡೆ ತಿರುಗಿ, "ನೋಡಮ್ಮ, ನಿನ್ನ ಜೇಠು ಮನೆ, ಬಾಡಿಗೆ ಇಲ್ಲ," ಎಂದು ನಕ್ಕರು.

ಕೊನೆಯ ನೇರ ದಾರಿಯಲ್ಲಿ ಟ್ರಾಮ್ ಬರುತ್ತದೆ. ವಿಡಿಯೋದಲ್ಲಿ ಅದೇ ತಮಾಷೆಯ ಜಾಗ. ಟ್ರಾಮ್ ನಿಧಾನಕ್ಕೆ ತಿರುಗಿ ಹಳಿಗೆ ಬಂದು ನಿಲ್ಲುತ್ತದೆ. ಅದರ ಹಿಂದೆ ಮೊದಲ ಕಾರು ಬ್ರೇಕ್ ಹಾಕುತ್ತದೆ. ಅದರ ಹಿಂದೆ ಎರಡನೆಯದು. ಹೀಗೆ ಏಳು ರೇಸಿಂಗ್ ಕಾರುಗಳು ಆಫೀಸಿಗೆ ಹೊರಟ ಗುಮಾಸ್ತರಂತೆ ಸಾಲಾಗಿ ನಿಂತುಬಿಡುತ್ತವೆ. ಒಂದಕ್ಕೂ ದಾಟಿ ಹೋಗಬೇಕೆಂದು ಹೊಳೆಯುವುದಿಲ್ಲ.

ಟ್ರಾಮಿನ ಮೂತಿ ಮಾತ್ರ ಪರದೆಯ ಅಂಚಿನಲ್ಲಿ ಕಂಡಿತ್ತು. ಕಾರುಗಳು ಇನ್ನೂ ಬಂದಿರಲಿಲ್ಲ. ದಾದಾ ತೊಡೆ ತಟ್ಟಿಕೊಂಡು ನಗಲು ಶುರುಮಾಡಿದರು.

"ನೋಡ್ತಿರು, ಈಗ ಕ್ಯೂ ನಿಲ್ತಾವೆ. ಏಳೂ. ಇದರ ದೆಸೆಯಿಂದ್ಲೇ ಅಲ್ವಾ ಹೋಗಿದ್ದು ನಮ್ಮ ಊರು. ಆ ಕಾರುಗಳಿಗೆ ಟ್ರಾಮ್ ದಾಟೋದು ಕಲಿಸ್ತೀವಿ ಅಂತ ಒಂದು ಬೇಸಿಗೆ ಪೂರ್ತಿ ತಲೆ ಚಚ್ಚಿಕೊಂಡ್ರು ಅವರು. ಕೊನೆಗೆ ಕೈಚೆಲ್ಲಿ ಎತ್ತಿಬಿಟ್ರು."

ಪರದೆಯಲ್ಲಿ ಏಳು ಕಾರುಗಳು ಸಾಲಾಗಿ ನಿಂತವು.

ಕೋಣೆಯಲ್ಲಿ ಯಾರೂ ನಗಲಿಲ್ಲ. ಅದು ಅವರಿಗೆ ಅರ್ಥವಾಗಲು ಒಂದು ಗುಟುಕು ಚಹಾ ಹಿಡಿಯಿತು. ಮತ್ತೆ ಎತ್ತಿಕೊಂಡಿದ್ದ ಕಪ್ಪು ತುಟಿಯ ಹತ್ತಿರವೇ ನಿಂತಿತು.

"ಬೋರ್ಡ್ ನೋಡಿ ತೆಗೆದ್ರು ಅಂದಿದ್ರಿ," ಎಂದೆ.

ಅವರು ಮಗಳ ಕಡೆ ನೋಡಿದರು. ಅವಳು ಅಲ್ಲಿಂದ ಹೋಗಲಿ ಎಂದು ಕಾದರು. ಅವಳು ಹೋಗಲಿಲ್ಲ.

"ಯಾವಾಗ ಗೊತ್ತಾಯ್ತು ದಾದಾ ನಿಮಗೆ?"

"ಅವರ ಕಡೆ ಬೇಸಿಗೆ ಮುಗಿಯೋ ಹೊತ್ತಿಗೆ. ಆಗಸ್ಟಲ್ಲಿ."

"ನಾನು ಬೋರ್ಡ್ ಬರೆದಿದ್ದು ಚಳಿಗಾಲದಲ್ಲಿ."

"ಹ್ಞೂಂ." ಕಪ್ಪನ್ನು ಕೆಳಗಿಟ್ಟರು. "ಶೋನ್, ಕೇಳು. ಬೇರೆ ಊರುಗಳಿಗೆ ಉಪಯೋಗಕ್ಕೆ ಬರುತ್ತೆ, ಗೋಡೆ, ಕಂಬ ಮಾಡ್ತಾ ಇರಿ ಅಂದ್ರು ಅವರು. ನಿಮಗೆ ಹೇಳಿದ್ರೆ ಅವತ್ತೇ ಅರ್ಧ ಜನ ಎದ್ದು ಹೋಗ್ತಿದ್ರಿ. ಇರೋ ನಾಲ್ಕು ತಿಂಗಳ ಕೆಲಸಾನೂ ಹೋಗೋದು. ಬೇರೆ ಏನಾದ್ರೂ ಸಿಗುತ್ತೆ, ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಸಿಗಲಿಲ್ಲ. ಆಗ ಏನಂತ ಹೇಳ್ಲಿ? ನಾಲ್ಕು ತಿಂಗಳು ನಿಮ್ಮನ್ನ ಕತ್ತಲಲ್ಲಿಟ್ಟಿದ್ದೆ ಅಂತ ಹೇಳ್ಲಾ? ಏನೋ ಒಂದು ಕಾರಣ ಬೇಕಿತ್ತು."

"ಬೆಕ್ಕು ಇತ್ತು. ಛತ್ರಿ ಇತ್ತು. ನಿಮ್ಮ ಮನೆ ನಂಬರ್ ಇತ್ತು. ನನ್ನ ಬೋರ್ಡೇ ಯಾಕೆ?"

ಇದಕ್ಕೆ ಅವರು ತಡವರಿಸಲಿಲ್ಲ. ಅದೇ ನನ್ನನ್ನು ಇವತ್ತಿಗೂ ಚುಚ್ಚುವುದು. ಮೊದಲೇ ಯೋಚಿಸಿ ಇಟ್ಟಿದ್ದ ಉತ್ತರದಂತೆ ಬಂತು.

"ಅವರೆಲ್ಲ ಇಲ್ಲಿನವರು. ಇಲ್ಲೇ ಮುಖ ತೋರಿಸ್ಕೊಂಡು ಬದುಕಬೇಕು. ನಿನಗೆ ಊರಿದೆ. ಎರಡು ತಿಂಗಳಲ್ಲಿ ಬೆಂಗಳೂರಿಗೆ ಹೊರಟುಹೋಗ್ತೀಯ ಅಂದ್ಕೊಂಡಿದ್ದೆ. ಮಾದ್ರಾಜಿಗಳೆಲ್ಲ ಹೋಗ್ತಾರಲ್ಲ. ಹೋದ ಮೇಲೆ ಯಾರು ಏನಂದ್ರೆ ನಿನಗೇನು." ಆಮೇಲೆ ದೂರು ಹೇಳುವವರ ದನಿಯಲ್ಲಿ, "ನೀನು ಹೋಗಲೇ ಇಲ್ಲ," ಎಂದರು.

ನನಗೆ ಯಾವ ಊರಿದೆ ಎಂದು ಆ ಕ್ಷಣ ಯೋಚಿಸಿದೆ. ಬೆಂಗಳೂರಿನಲ್ಲಿ ನಾನು ಒಟ್ಟು ಹದಿನೈದು ದಿನ ಇದ್ದಿರಬಹುದು. ಹುಬ್ಬಳ್ಳಿಗೆ ರಜೆಯಲ್ಲಿ ಹೋದರೆ ಓಣಿಯ ಹುಡುಗಿಯರು ಕಲ್ಕತ್ತಾದಾಕಿ ಬಂದಳು ಎಂದು ಆಟಕ್ಕೆ ಸೇರಿಸಿಕೊಳ್ಳಲು ಎರಡು ದಿನ ಹಿಡಿಯುತ್ತಿತ್ತು. ನನ್ನ ಊರು ಯಾವುದೆಂದು ನಾನು ಬರೆದುಕೊಟ್ಟಿದ್ದೆ, ಕೆಂಪು ಅಕ್ಷರದಲ್ಲಿ. ಅರ್ಥ ಕೇಳಿಕೊಂಡ ಒಬ್ಬನೇ ಮನುಷ್ಯ ಇವರು. ಮುಂದೆ ನಮ್ಮ ಮನೆ ಇದೆ ಎಂದು ಬಂಗಾಳಿಯಲ್ಲಿ ಬಿಡಿಸಿ ಹೇಳಿದ್ದೆ. ಅದೇ ಬೋರ್ಡನ್ನು ಕೈಯಲ್ಲಿ ಹಿಡಿದು, ಇವಳಿಗೆ ಇಲ್ಲಿ ಮನೆ ಇಲ್ಲ ಎಂದು ತೀರ್ಮಾನ ಮಾಡಿದ್ದರು.

"ಇಪ್ಪತ್ತು ವರ್ಷ ನಿಮ್ಮ ಕಾಲು ಮುಟ್ಟಿದೀನಿ," ಎಂದೆ.

"ನಾನು ಯಾವತ್ತಾದ್ರೂ ನಿನಗೆ ಕಡಿಮೆ ಮಾಡಿದೀನಾ? ಹೇಳು. ಮನೆ ಹುಡುಕಿಕೊಟ್ಟಿಲ್ವಾ? ಇವಳನ್ನ ಹೆಗಲ ಮೇಲೆ ಹೊತ್ತು ಪೆಂಡಾಲಿನ ದೇವರು, ಠಾಕೂರ್ ತೋರಿಸಿಲ್ವಾ?"

ಎಲ್ಲ ನಿಜ. ಸುಳ್ಳಾಗಿದ್ದರೆ ಬೈದು ಕಳಿಸುವುದು ಸುಲಭವಾಗಿರುತ್ತಿತ್ತು. ಅದು ಪ್ರೀತಿಯೋ, ಅಪರಾಧಿಯ ಉಪಚಾರವೋ, ಅವರಿಗೇ ಗೊತ್ತಿತ್ತೋ ಇಲ್ಲವೋ. ಗೋಡೆಯ ಮುಖ ನೋಡಿದ್ದೆ ಅಷ್ಟೇ ನಾನು.

"ಉಳಿದ ಐದು ಜನಕ್ಕೆ ನೀವೇ ಹೇಳಿ," ಎಂದೆ. "ಬೆಕ್ಕಿನವಳಿಗಾದ್ರೂ ಹೇಳಿ. ಅಷ್ಟಮಿಗೆ ಬರ್ತಾಳಲ್ಲ."

"ಈಗ ಯಾತಕ್ಕೆ? ಎಲ್ಲ ಮರೆತಿದಾರೆ. ನನಗೆ ಈ ವಯಸ್ಸಲ್ಲಿ..." ಎಂದು ಎದ್ದರು. ಮೊಣಕಾಲು ಹಿಡಿದುಕೊಂಡು ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳಿದರು, "ಬೋರ್ಡ್ ಬರೀತೀಯಲ್ಲ?"

ನಾನು ಅಳತೆಯ ಚೀಟಿಯನ್ನು ಅವರ ಕೈಗೆ ವಾಪಸು ಕೊಟ್ಟೆ.

ಮಗಳು ಆ ಜಿಲೇಬಿ ಪೊಟ್ಟಣವನ್ನು ಮುಟ್ಟಲಿಲ್ಲ. ಎರಡು ದಿನ ಅಡಿಗೆಮನೆಯಲ್ಲಿ ಇದ್ದು, ಇರುವೆ ಹತ್ತಿತು. ತಿಂಡಿಪೋತಿ ಅವಳು, ಆ ಪೊಟ್ಟಣ ನೋಡಿಯೇ ನನಗೆ ಅಳು ಬಂದದ್ದು, ದಾದಾನ ಮಾತಿಗಲ್ಲ.

ಒಂದು ತಿಂಗಳು ನಾನು ಯಾರಿಗೂ ಏನೂ ಹೇಳಲಿಲ್ಲ. ಅವರೇ ಹೇಳಲಿ ಎಂದು ಕಾದೆ. ಷಷ್ಠಿಯ ದಿನ ಪೆಂಡಾಲ್ ಏರಿತು. ಮುಂದೆ ಫ್ಲೆಕ್ಸ್ ಬೋರ್ಡು, ಹೊಳೆಯುವಂಥದ್ದು. ಅದಾದ ಅರ್ಧ ಗಂಟೆಗೆ ಬೌದಿ ನಮ್ಮ ಮನೆಗೆ ಬಂದರು, ನೋವಿನ ಎಣ್ಣೆಯ ಬಾಟಲಿ ಹಿಡಿದು.

"ಕೈ ಹೆಂಗಿದೆಯೇ? ಮಣಿಕಟ್ಟು ಎತ್ತೋಕಾಗ್ತಿಲ್ಲ ಅಂತ ಇವರು ಹೇಳಿದ್ರು. ಮೀಟಿಂಗಲ್ಲಿ ಎಲ್ಲರ ಎದುರಿಗೆ ಹೇಳ್ತಿದ್ರು, ಪಾಪ, ಅವಳನ್ನ ಯಾರೂ ಒತ್ತಾಯ ಮಾಡ್ಬೇಡಿ ಅಂತ."

ಬಾಟಲಿ ತೆಗೆದುಕೊಂಡೆ. ಆ ಹೆಂಗಸಿಗೆ ಏನು ಹೇಳಲಿ. ಹೊರಗೆ ಹೋದರೆ ಓಣಿಯೆಲ್ಲ ಅದೇ ಪ್ರಶ್ನೆ.

"ದೀದಿ, ಕೈ?"

"ಬಿಸಿನೀರಿನ ಶಾಖ ಕೊಡಿ ದೀದಿ."

ಮತ್ತೊಮ್ಮೆ ನನ್ನ ಮೇಲೆ ಒಂದು ಸುಳ್ಳು ಹೇಳಿ, ಮತ್ತೊಮ್ಮೆ ನನ್ನ ತಲೆ ಮೇಲೆ ಕೈಯಿಟ್ಟಿದ್ದರು ದಾದಾ. ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಮಮತೆಯಿಂದ. ಹಳೆಯದು ಹೇಗೆ ನಡೆದಿತ್ತೆಂದು ಆಗ ಪೂರ್ತಿ ಕಂಡಿತು ನನಗೆ.

ಅಷ್ಟಮಿಯ ಬೆಳಿಗ್ಗೆ ಹೊಸ ಸೀರೆ ಉಟ್ಟು ಹೋದೆ. ಪೆಂಡಾಲಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಒಳಗಿನಿಂದ ಪೂಜೆಯ ಡೋಲು ಢಾಕಿನ ಸದ್ದು, ಮೈಕಿನಲ್ಲಿ ದಾದಾ. ಬೆಕ್ಕಿನವಳು ಬಂದಳು. ಈಗ ಕನ್ನಡಕ, ಕಿವಿಯ ಹಿಂದೆ ಬಿಳಿಕೂದಲು. ಎಂದಿನಂತೆ ನನ್ನನ್ನು ದಾಟಿ ಹೋದಳು. ಬೋರ್ಡಿನ ಕೆಳಗೆ ಹೋಗುವಾಗ ಈ ಸಲ ತಲೆ ಎತ್ತಿದಳು. ನಿಂತಳು. ತಿರುಗಿ ಬಂದಳು.

"ಈ ವರ್ಷ ನಿನ್ನ ಅಕ್ಷರ ಇಲ್ಲ," ಎಂದಳು. ಇಪ್ಪತ್ತು ವರ್ಷದಲ್ಲಿ ಮೊದಲ ಮಾತು. ಹಾಗಾದರೆ ಪ್ರತಿ ವರ್ಷ ನೋಡಿದ್ದಳು. "ಕೈಗೆ ಏನೋ ಆಗಿದೆಯಂತೆ."

"ಕೈಗೆ ಏನೂ ಆಗಿಲ್ಲ. ಕೂತ್ಕೋ."

ಅವಳು ಕೂರಲಿಲ್ಲ. ನಾನು ಫೋನ್ ತೆಗೆದು, ವಿಡಿಯೋವನ್ನು ಆ ಕಿಟಕಿಯ ಹತ್ತಿರ ನಿಲ್ಲಿಸಿ ಅವಳ ಕೈಗೆ ಕೊಟ್ಟೆ. ಬೂದು ಬೆಕ್ಕು ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿತ್ತು. ಅವಳು ಕನ್ನಡಕವನ್ನು ಹಣೆಗೇರಿಸಿ ಪರದೆಯನ್ನು ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು.

"ಇದು ಸತ್ತು ಹದಿನಾರು ವರ್ಷ ಆಯ್ತು," ಎಂದಳು. "ಎಲ್ಲಿತ್ತು ಇದು?"

"ಇದ್ದಲ್ಲೇ ಇತ್ತು. ಊರನ್ನ ಅವರು ಅಳಿಸಿರಲಿಲ್ಲ. ತೆಗೆದಿದ್ದು ನನ್ನ ಬೋರ್ಡ್ ನೋಡಿಯೂ ಅಲ್ಲ. ಅದನ್ನ ನಾನು ಬರೆಯೋ ನಾಲ್ಕು ತಿಂಗಳ ಮೊದಲೇ ತೆಗೆದಿದ್ರು."

ಅವಳು ಬೆಕ್ಕಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಪೆಂಡಾಲಿನ ಕಡೆ ನೋಡಿದಳು. ಮತ್ತೆ ನನ್ನನ್ನು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತಳು. ನಾನು ಮೊದಲಿನಿಂದ ಹೇಳತೊಡಗಿದೆ, ಟ್ರಾಮಿನಿಂದ. ಮೈಕಿನಲ್ಲಿ ದಾದಾ ಕೂಗುತ್ತಿದ್ದರು, ಹೂವು ಯಾರ್‍ಯಾರಿಗೆ ಸಿಕ್ಕಿಲ್ಲ, ಕೈ ಎತ್ತಿ. ನಾವಿಬ್ಬರೂ ಎತ್ತಲಿಲ್ಲ.